ಹಾಳಾದ ಮೆಮೊರಿ ಕಾರ್ಡ್‌ನಿಂದ ಕಾಮಗಾರಿ ಚಿತ್ರಗಳನ್ನು ಮರಳಿ ಪಡೆಯುವ ಕ್ರಮ

ಮಾನ್ಯ ಸದಸ್ಯರ ಗಮನಕ್ಕೆ,

ನೀರಿನ ಕೊಳವೆಯನ್ನು ಹೂತು ಮಣ್ಣು ಮುಚ್ಚಿದ ಬಳಿಕ ಅದರ ಆಳವನ್ನು ತೋರಿಸಲು ಉಳಿಯುವುದು ಛಾಯಾಚಿತ್ರವೊಂದೇ. ಬಿಲ್ಲು ಪಾವತಿಗೂ ಸಾಮಾಜಿಕ ಪರಿಶೋಧನೆಗೂ ಆಧಾರವಾಗುವ ಅಂತಹ ಚಿತ್ರವನ್ನು ಎರಡನೆಯ ಸಲ ತೆಗೆಯಲಾಗದು. ಆದುದರಿಂದ ಕಾರ್ಡ್ ತೆರೆಯದಿದ್ದಾಗ ನಾವು ಮಾಡುವ ಮೊದಲ ಕೆಲಸವೇ ನಿರ್ಣಾಯಕ.

ಕಾರ್ಡ್‌ನಲ್ಲಿ ಚಿತ್ರಗಳ ಜೊತೆಗೆ, ಯಾವ ಚಿತ್ರ ಎಲ್ಲಿದೆಯೆಂದು ತಿಳಿಸುವ ಸೂಚಿಯೂ ಇರುತ್ತದೆ. ಕಚೇರಿಯ ಕಡತ ವಹಿ ಹರಿದರೆ ಬೀರುವಿನ ಕಡತಗಳು ಮಾಯವಾಗುವುದಿಲ್ಲ, ಇಲ್ಲಿಯೂ ಹಾಗೆಯೇ. ಚಿತ್ರ ದಾಖಲಾಗುತ್ತಿರುವಾಗ ಕಾರ್ಡನ್ನು ಹೊರಗೆಳೆದರೆ ಸೂಚಿ ಕೆಡಬಹುದು. ಚಿತ್ರ ಅಳಿಸಿದಾಗಲೂ ಸಾಮಾನ್ಯವಾಗಿ ಆ ಜಾಗ ಖಾಲಿಯೆಂದು ಗುರುತಾಗುತ್ತದೆಯಷ್ಟೆ. ಅದರ ಮೇಲೆ ಹೊಸದು ದಾಖಲಾದರೆ ಹಳೆಯದು ಮರಳಿ ದೊರೆಯದು.

ಅನುಸರಿಸಬೇಕಾದ ಕ್ರಮ:

1. ಕಾರ್ಡ್‌ನ ಬಳಕೆಯನ್ನು ಕೂಡಲೇ ನಿಲ್ಲಿಸತಕ್ಕದ್ದು. ‘ಫಾರ್ಮ್ಯಾಟ್ ಮಾಡಬೇಕೇ?’ ಎಂಬ ಪ್ರಶ್ನೆಗೆ ಒಪ್ಪಿಗೆ ನೀಡಬಾರದು. ದೊಡ್ಡ ಎಸ್‌ಡಿ ಕಾರ್ಡ್‌ ಆಗಿದ್ದರೆ ಪಕ್ಕದ ಸಣ್ಣ ಗುಂಡಿಯನ್ನು ‘ಲಾಕ್’ ಕಡೆಗೆ ಸರಿಸುವುದು.

2. ಬೇರೊಂದು ಕಾರ್ಡ್ ರೀಡರ್‌ನಲ್ಲಿ ಪರೀಕ್ಷಿಸುವುದು. ಕೆಲವೊಮ್ಮೆ ದೋಷವಿರುವುದು ರೀಡರ್‌ನಲ್ಲಿಯೇ.

3. ಮೊದಲು ಇಡೀ ಕಾರ್ಡ್‌ನ ಯಥಾವತ್ ಪ್ರತಿಯನ್ನು ಕಂಪ್ಯೂಟರಿಗೆ ತೆಗೆದುಕೊಂಡು, ಆ ಪ್ರತಿಯಲ್ಲಿ ಹುಡುಕುವುದು. ಫೋಟೋರೆಕ್ ಎಂಬ ಉಚಿತ ತಂತ್ರಾಂಶವು ಸೂಚಿಯನ್ನು ಅವಲಂಬಿಸದೆ, ಚಿತ್ರಕಡತಗಳ ಆರಂಭದಲ್ಲಿರುವ ನಿಗದಿತ ಗುರುತಿನಿಂದ ಅವುಗಳನ್ನು ಪತ್ತೆಹಚ್ಚುತ್ತದೆ. ಕಡತಗಳ ಮೂಲ ಹೆಸರು ಸಾಮಾನ್ಯವಾಗಿ ಸಿಗದು. ಆದರೆ ಚಿತ್ರದೊಳಗೆ ದಾಖಲಾದ ದಿನಾಂಕ, ಸ್ಥಳದ ವಿವರಗಳು ಬಹುತೇಕ ಉಳಿದಿರುತ್ತವೆ.

4. ದೊರೆತ ಚಿತ್ರಗಳನ್ನು ಅದೇ ಕಾರ್ಡ್‌ನಲ್ಲಿ ಉಳಿಸಬಾರದು.

ಈ ಕ್ರಮಕ್ಕೆ ಮಿತಿಗಳೂ ಇವೆ. ಯಾವ ರೀಡರ್‌ನಲ್ಲಿಯೂ ಕಾಣಿಸಿಕೊಳ್ಳದ ಕಾರ್ಡ್‌ಗೆ ತಂತ್ರಾಂಶದಿಂದ ಪ್ರಯೋಜನವಿಲ್ಲ. ಅದಕ್ಕೆ ವಿಶೇಷ ಪ್ರಯೋಗಾಲಯವೇ ಬೇಕು. ಆಂಡ್ರಾಯ್ಡ್ ಮೊಬೈಲಿನ ಆಂತರಿಕ ಸಂಗ್ರಹವಾಗಿ ಜೋಡಿಸಿದ ಕಾರ್ಡ್ ಗೂಢಲಿಪಿಯಲ್ಲಿರುವುದರಿಂದ ಬೇರೆ ಸಾಧನದಲ್ಲಿ ತೆರೆಯದು. ಫಲಾನುಭವಿಗಳ ದಾಖಲೆಗಳ ಚಿತ್ರಗಳಿರುವ ಕಾರ್ಡನ್ನು ಪರಿಚಯವಿಲ್ಲದ ಅಂಗಡಿಯಲ್ಲಿ ಬಿಟ್ಟುಬರುವುದೂ ಸಲ್ಲದು.

ಎಲ್ಲ ಪ್ರಯತ್ನದ ನಂತರವೂ ಚಿತ್ರ ದೊರೆಯದಿದ್ದರೆ, ಆ ಸಂಗತಿಯನ್ನು ಕಾಮಗಾರಿ ಕಡತದಲ್ಲಿ ಲಿಖಿತವಾಗಿ ದಾಖಲಿಸತಕ್ಕದ್ದು. ಬೇರೆ ಸ್ಥಳದ ಚಿತ್ರವನ್ನು ಅದರ ಜಾಗದಲ್ಲಿ ಇಡುವುದು ನಷ್ಟವನ್ನು ಸುಳ್ಳು ದಾಖಲೆಯಾಗಿಸುತ್ತದೆ.

ತೆಗೆದ ಚಿತ್ರಗಳನ್ನು ಅದೇ ದಿನ ಕಚೇರಿಯ ಕಂಪ್ಯೂಟರಿಗೆ ವರ್ಗಾಯಿಸಿ, ಮತ್ತೊಂದು ಪ್ರತಿಯನ್ನು ಪ್ರತ್ಯೇಕ ಹಾರ್ಡ್ ಡಿಸ್ಕ್‌ನಲ್ಲಿ ಇರಿಸಲಾಗುತ್ತಿದೆಯೇ ಎಂಬುದನ್ನು ಸದಸ್ಯರು ಆಗಾಗ್ಗೆ ವಿಚಾರಿಸಬೇಕೆಂದು ಕೋರಲಾಗಿದೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ