ಕೌದಿಗೆ ಇಂಕ್ ಪೆನ್ಸಿಲ್ ಬಣ್ಣ: ತೊಳೆದ ಮೇಲೂ ಗಿಳಿ ಉಳಿಯಬೇಕಲ್ಲ!

ಹೋದ ಸಲ ಕೌದಿ ತೋರಿಸಿದಾಗ ಬಹಳ ಜನ ಕೇಳಿದ್ದು ಹೊಲಿಗೆ ಬಗ್ಗೆ ಅಲ್ಲ, ನಡುವೆ ಕೂತಿರೋ ಗಿಳಿ ಬಗ್ಗೆ. "ಅದು ಪ್ರಿಂಟಾ, ಪೇಂಟಾ?" ಅಂತ. ಎರಡೂ ಅಲ್ಲ, ಪೆನ್ಸಿಲ್. ನೀರು ತಾಗಿದರೆ ಇಂಕ್ ಆಗೋ ಪೆನ್ಸಿಲ್. ನೀವು ನೋಡಿದ್ದು ಎರಡನೇ ಗಿಳಿ. ಮೊದಲನೇದು ನಮ್ಮ ಪುಣೆ ಮನೆಯ ಬಕೆಟ್ಟಿನಲ್ಲಿ ಕರಗಿಹೋಯ್ತು. ಹ್ಯಾಗೆ ಕರಗಿತು ಅಂತ ಹೇಳಿದರೆ ಈ ವಿದ್ಯೆಯ ಮುಕ್ಕಾಲು ಭಾಗ ಹೇಳಿದ ಹಾಗೆ, ಅದಕ್ಕೇ ಅಲ್ಲಿಂದಲೇ ಶುರು ಮಾಡ್ತೀನಿ.

ಅಣ್ಣನ ಮಗಳಿಗೆ ಐದು ವರ್ಷ ತುಂಬೋದಿತ್ತು. ಧಾರವಾಡದಿಂದ ಅವ್ವ ಒಂದು ಗಂಟು ಹಳೇ ಬಟ್ಟೆ ಕಳಿಸಿದ್ದಳು: ತನ್ನ ಎರಡು ಇಳಕಲ್ ಸೀರೆ, ಅಪ್ಪನ ಒಂದು ಧೋತರ. ಅಪ್ಪ ಈಗಿಲ್ಲ. ಧೋತರದ ಬಿಳಿ ಭಾಗದಲ್ಲಿ ಒಂದು ಚೌಕ ಕತ್ತರಿಸಿ, ಅದರ ಮೇಲೆ ಗಿಳಿ ಬರೆದು, ಸುತ್ತ ಸೀರೆಯ ತುಂಡುಗಳನ್ನ ಕೂಡಿಸೋದು ನನ್ನ ಲೆಕ್ಕ. ಪೆನ್ಸಿಲ್ ಒತ್ತಿ ಒತ್ತಿ ಗಾಢವಾಗಿ ತುಂಬಿದೆ, ಮೇಲೆ ಒದ್ದೆ ಬ್ರಷ್ ಆಡಿಸಿದೆ, ಚೆಂದ ಹಸಿರು ಬಂತು. ಒಣಗಿಸಿದೆ, ಇಸ್ತ್ರಿ ಹಾಕಿದೆ, ಹೊಲಿಯೋ ಮೊದಲು ಒಂದು ಸಲ ತೊಳೆಯೋಣ ಅಂತ ನೀರಿಗೆ ಹಾಕಿದೆ. ಹಸಿರು, ಕೆಂಪು ಎರಡೂ ಹರಿದು ಇಡೀ ಚೌಕ ಕೆಸರಿನ ಬಣ್ಣ ಆಯ್ತು.

ಅವ್ವನಿಗೆ ಫೋನ್ ಮಾಡಿದರೆ, "ಉಪ್ಪಿನ ನೀರಾಗ ನೆನಸಬೇಕಿತ್ತು ನೋಡು" ಅಂದಳು. ನಮ್ಮ ಎಲ್ಲರ ಮನೆಯಲ್ಲೂ ಇರೋ ಮದ್ದು ಅದು, ಹೊಸ ಸೀರೆ ಬಣ್ಣ ಬಿಡ್ತಾ ಇದ್ದರೆ ಉಪ್ಪು. ಆದರೆ ಇಲ್ಲಿ ಉಪ್ಪು ಏನೂ ಮಾಡೋದಿಲ್ಲ. ಯಾಕೆ ಅನ್ನೋದು ತಿಳ್ಕೊಳ್ಳೋಕೆ ಯೋಗ್ಯ.

ಬಟ್ಟೆಗೆ ಬಣ್ಣ ಎರಡು ರೀತಿಯಲ್ಲಿ ಹಿಡಿಯುತ್ತೆ. ಡೈ ಅನ್ನೋದು ನೀರಿನಲ್ಲಿ ಪೂರ್ತಿ ಕರಗಿ ನೂಲಿನ ಒಳಗೇ ಹೋಗಿ ಕೂರುತ್ತೆ. ಬಣ್ಣ ಹಾಕುವ ಹಂಡೆಯಲ್ಲಿ ಉಪ್ಪು ಹಾಕ್ತಾರಲ್ಲ, ಅದು ಡೈಯನ್ನ ನೀರಿನಿಂದ ನೂಲಿನ ಕಡೆಗೆ ತಳ್ಳೋದಕ್ಕೆ. ಹಂಡೆಯಿಂದ ಹೊರಗೆ ಬಂದ ಸೀರೆಯ ಬಣ್ಣವನ್ನ ಗಟ್ಟಿ ಮಾಡೋ ಶಕ್ತಿ ಅಡುಗೆ ಉಪ್ಪಿಗಿಲ್ಲ. ಪಿಗ್ಮೆಂಟ್ ಅನ್ನೋದು ಬೇರೆ ಜಾತಿ. ಅದು ಕರಗೋದೇ ಇಲ್ಲ, ಅತಿ ಸಣ್ಣ ಪುಡಿ. ನೂಲಿನ ಒಳಗೆ ಹೋಗೋದಿಲ್ಲ, ಮೇಲೆ ಅಂಟಿಕೊಂಡಿರುತ್ತೆ. ಹಿಡಿದಿಡೋಕೆ ಅಂಟು ಬೇಕೇ ಬೇಕು. ಪೆನ್ಸಿಲ್ ಬಣ್ಣದ ಕಥೆ ಮುಖ್ಯವಾಗಿ ಈ ಅಂಟಿನ ಕಥೆ.

ಮಕ್ಕಳ ವಾಟರ್‌ಕಲರ್ ಪೆನ್ಸಿಲ್‌ನಲ್ಲಿರೋ ಅಂಟು ಎಷ್ಟು ಸಲ ನೀರು ತಾಗಿದರೂ ಅಷ್ಟು ಸಲ ಕರಗುತ್ತೆ. ಕಾಗದಕ್ಕೆ ಅದು ಅನುಕೂಲ, ಬಟ್ಟೆಗೆ ಕೆಲಸಕ್ಕೆ ಬಾರದು. ಇಂಕ್ ಪೆನ್ಸಿಲ್ ಹಾಗಲ್ಲ. ನಾನು ಬಳಸೋದು ಇಂಗ್ಲೆಂಡಿನ ಡರ್ವೆಂಟ್ ಕಂಪನಿಯ ಇಂಕ್‌ಟೆನ್ಸ್. ಕ್ವಿಲ್ಟ್ ಮಾಡೋರ ನಡುವೆ ಇದೇ ಹೆಸರು ಹೆಚ್ಚು ಓಡಾಡುತ್ತೆ. ಇದರ ಗುಣ ಏನಪ್ಪಾ ಅಂದ್ರೆ, ಒಮ್ಮೆ ನೀರು ಕುಡಿದು ಪೂರ್ತಿ ಒಣಗಿದ ಮೇಲೆ ಬಹುಮಟ್ಟಿಗೆ ಮತ್ತೆ ಕರಗೋದಿಲ್ಲ. ಕಾಗದದ ಮೇಲೆ ಒಣಗಿದ ಪದರದ ಮೇಲೆ ಇನ್ನೊಂದು ಪದರ ಹಾಕಿದರೂ ಕೆಳಗಿನದು ಕದಡೋದಿಲ್ಲ.

ಇಲ್ಲೇ ನಾನು ಎಡವಿದ್ದು. "ಒಮ್ಮೆ ನೀರು ಕುಡಿದು" ಅನ್ನೋದು ಷರತ್ತು. ನಾನು ದಪ್ಪಗೆ ತುಂಬಿದ್ದೆ, ಬ್ರಷ್ ಮೇಲ್ಮೇಲೆ ಆಡಿಸಿದ್ದೆ. ಮೇಲಿನ ಪದರ ನೆನೆದು ಗಟ್ಟಿಯಾಯ್ತು, ನೇಯ್ಗೆಯ ಸಂದಿಯಲ್ಲಿ ಕೂತ ಒಣ ಪುಡಿ ನೀರೇ ಕಾಣಲಿಲ್ಲ. ಅದು ಮೊದಲ ಸಲ ನೀರು ಕುಡಿದಿದ್ದು ಬಕೆಟ್ಟಿನಲ್ಲಿ. ಇಸ್ತ್ರಿ ಹಾಕಿದ್ದೆನಲ್ಲ ಅಂದರೆ, ಒಣ ಪುಡಿಗೆ ಬರೀ ಬಿಸಿ ತಾಗಿಸಿದರೆ ಪ್ರಯೋಜನ ಇಲ್ಲ.

ಹಾಗಾದರೆ ಧಾರಾಳವಾಗಿ ನೀರು ಹಾಕಿದರಾಯ್ತಲ್ಲ? ಹಾಕಿ ನೋಡಿ. ದೀಪದ ಬತ್ತಿ ಎಣ್ಣೆ ಎಳೆಯೋ ಹಾಗೆ ಹತ್ತಿ ನೂಲು ನೀರನ್ನ ಎಳ್ಕೊಂಡು ಹೋಗುತ್ತೆ, ನೀರಿನ ಜೊತೆ ಬಣ್ಣವೂ ಹೊರಡುತ್ತೆ. ಗಿಳಿಯ ಕೊಕ್ಕಿನ ಕೆಂಪು ಎದೆವರೆಗೆ ಬರುತ್ತೆ. ಕಮ್ಮಿ ನೀರಾದರೆ ಬಣ್ಣ ಗಟ್ಟಿಯಾಗಲ್ಲ, ಹೆಚ್ಚಾದರೆ ಗೆರೆ ದಾಟುತ್ತೆ. ಇದಕ್ಕೆ ಪರಿಹಾರ ದಪ್ಪಗಿರೋ ನೀರು, ಅಂದರೆ ನಿಧಾನಕ್ಕೆ ಹರಿಯೋ ಯಾವುದಾದರೂ ದ್ರವ.

ಈ ತೊಂದರೆ ಹೊಸದಲ್ಲ. ಹೈದರಾಬಾದ್, ಚೆನ್ನೈನಲ್ಲಿರೋರು ಶ್ರೀಕಾಳಹಸ್ತಿ ಕಲಂಕಾರಿ ನೋಡಿರ್ತೀರಿ. ಕೈಯಲ್ಲಿ ಕಲಂ ಹಿಡಿದು ಬಟ್ಟೆ ಮೇಲೆ ಬರೀತಾರೆ, ಆದರೂ ಗೆರೆ ಹರಡೋದಿಲ್ಲ. ಯಾಕಂದ್ರೆ ಮೊದಲೇ ಬಟ್ಟೆಯನ್ನ ಅಳಲೆಕಾಯಿ ಮತ್ತು ಎಮ್ಮೆ ಹಾಲಿನಲ್ಲಿ ನೆನೆಸಿ ಒಣಗಿಸಿರ್ತಾರೆ. ಹಾಲಿನ ಜಿಡ್ಡು ಬಣ್ಣ ಹರಡದ ಹಾಗೆ ತಡೆಯುತ್ತೆ. ನಮ್ಮ ಫ್ಲಾಟಿನಲ್ಲಿ ಎಮ್ಮೆ ಹಾಲಿನ ವಾಸನೆ ಯಾರಿಗೆ ಬೇಕು ಹೇಳಿ! ನಮಗೆ ಎರಡು ಸುಲಭ ದಾರಿ ಇದಾವೆ.

ಒಂದು ಅಲೋವೆರಾ ಜೆಲ್, ಅಂದ್ರೆ ನಮ್ಮ ಲೋಳೆಸರ. ಕ್ವಿಲ್ಟ್ ಮಾಡೋರು ಬಹಳ ಜನ ಇದನ್ನೇ ಬಳಸ್ತಾರೆ. ಬಣ್ಣವನ್ನ ಪೂರ್ತಿ ನೆನೆಸುತ್ತೆ, ಓಡೋಕೆ ಬಿಡಲ್ಲ. ಆದರೆ ಅದು ಅಂಟಲ್ಲ, ತೊಳೆದರೆ ಹೋಗಿಬಿಡುತ್ತೆ. ಬಣ್ಣ ನಿಲ್ಲೋದು ಪೆನ್ಸಿಲ್ಲಿನ ಸ್ವಂತ ಶಕ್ತಿಯಿಂದ ಮಾತ್ರ. ಇನ್ನೊಂದು ವಿಷಯ, ನಮ್ಮ ಅಂಗಡಿಗಳಲ್ಲಿ ಸಿಗೋ ಹಸಿರು ಜೆಲ್ ತರಬೇಡಿ. ಆ ಹಸಿರು ಹಾಕಿದ ಬಣ್ಣ, ಬಿಳಿ ಬಟ್ಟೆಗೆ ಛಾಯೆ ಬಿಡುತ್ತೆ. ನೀರಿನ ಹಾಗೆ ಪಾರದರ್ಶಕ ಇರೋದೇ ಬೇಕು. (ನಾನು ಹ್ಯಾಗೆ ಕಲಿತೆ ಅಂತ ಕೇಳಬೇಡಿ.)

ಎರಡನೇದು ಫ್ಯಾಬ್ರಿಕ್ ಮೀಡಿಯಂ. ಬಟ್ಟೆ ಪೇಂಟಿಂಗ್ ಸಾಮಾನು ಸಿಗೋ ಕಡೆ ಸಣ್ಣ ಬಾಟ್ಲಿಯಲ್ಲಿ ಇಟ್ಟಿರ್ತಾರೆ. ಇದು ಅಕ್ರಿಲಿಕ್ ಅಂಟು. ಪಿಗ್ಮೆಂಟಿನ ಪುಡಿಯನ್ನ ನೂಲಿಗೆ ಕಟ್ಟಿಹಾಕುತ್ತೆ, ಒಣಗಿದ ಮೇಲೆ ನೀರಿಗೆ ಜಗ್ಗಲ್ಲ. ತೊಂದರೆ ಅಂದ್ರೆ ಬಟ್ಟೆ ಸ್ವಲ್ಪ ಬಿರುಸಾಗುತ್ತೆ. ಗೋಡೆಗೆ ತೂಗುಹಾಕೋದಾದರೆ ಜೆಲ್ ಸಾಕು. ಹೊದ್ದು, ತೊಳೆದು, ಮತ್ತೆ ಹೊದೆಯೋದಾದರೆ ಮೀಡಿಯಂ ಇಲ್ಲದೆ ನಾನಂತೂ ಮಾಡಲ್ಲ.

ಎರಡನೇ ಸಲ ಧೋತರ ಮುಟ್ಟೋ ಮೊದಲು ನಾವು ಆಫೀಸಿನಲ್ಲಿ ಮಾಡೋದನ್ನೇ ಮಾಡಿದೆ. ಟೆಸ್ಟ್ ಮಾಡದೆ ಪ್ರೊಡಕ್ಷನ್‌ಗೆ ಕೈ ಹಾಕಿದ್ದು ಮೊದಲ ಸಲದ ತಪ್ಪು ತಾನೇ. ಬೇರೆ ಬಿಳಿ ಕಾಟನ್ನಿನ ನಾಲ್ಕು ತುಂಡಿಗೆ ಒಂದೇ ಹಸಿರು, ಒಂದೇ ಕೆಂಪು ಹಚ್ಚಿದೆ. ಒಂದು ಒಣದೇ, ಒಂದಕ್ಕೆ ನೀರು, ಒಂದಕ್ಕೆ ಜೆಲ್, ಒಂದಕ್ಕೆ ಮೀಡಿಯಂ. ಒಣಗಿಸಿ ಇಸ್ತ್ರಿ ಮಾಡಿ, ಪ್ರತಿಯೊಂದನ್ನೂ ಎರಡು ಭಾಗ ಮಾಡಿ ಅರ್ಧ ತೊಳೆದೆ, ಅರ್ಧ ಹಾಗೇ ಇಟ್ಟೆ. ಪಕ್ಕದಲ್ಲಿ ಇಟ್ಟು ನೋಡಿದರೆ ವಾದವೇ ಬೇಡ. ಒಣದು ಹೆಚ್ಚುಕಮ್ಮಿ ಬಿಳಿ. ನೀರಿನದು ಬಣ್ಣ ಉಳಿಸಿಕೊಂಡಿತ್ತು, ಆದರೆ ಅಂಚು ಹರಡಿತ್ತು. ಜೆಲ್‌ನದು ಅಂಚು ಚೊಕ್ಕ, ಬಣ್ಣ ಒಂದು ಮೆಟ್ಟಿಲು ತೆಳು. ಮೀಡಿಯಂನದು ತೊಳೆದಿದ್ದು ಯಾವುದು, ತೊಳೆಯದ್ದು ಯಾವುದು ಅಂತ ಹಿಂದೆ ಬರೆದ ಗುರುತು ನೋಡಬೇಕಾಯ್ತು. ನಿಮ್ಮ ಬಟ್ಟೆ, ನಿಮ್ಮ ಸೋಪು ಬೇರೆ ಇರುತ್ತೆ, ಒಂದು ಭಾನುವಾರ ಇದಕ್ಕೆ ಕೊಡಿ.

ಈಗ ಕೆಲಸದ ಕ್ರಮ. ಬಟ್ಟೆ ಹತ್ತಿಯದೇ ಆಗಿರಬೇಕು. ಅನುಮಾನ ಇದ್ದರೆ ಒಂದು ಎಳೆ ಕಿತ್ತು ಸಿಂಕಿನ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತೆ, ಪಾಲಿಯೆಸ್ಟರ್ ಕರಗಿ ಮಣಿ ಕಟ್ಟುತ್ತೆ. ಹೊಸ ಬಟ್ಟೆಯಾದರೆ ಬಿಸಿನೀರಲ್ಲಿ ತೊಳೆದು ಗಂಜಿ ತೆಗೀರಿ, ಇಲ್ಲದಿದ್ದರೆ ಬಣ್ಣ ಗಂಜಿಗೆ ಅಂಟುತ್ತೆ, ಗಂಜಿ ಹೋದಾಗ ಅದೂ ಹೋಗುತ್ತೆ. ಹೊಲಿದ ಮೇಲೆ ಕುಗ್ಗಿ ಮುದುಡೋದೂ ತಪ್ಪುತ್ತೆ. ಕಂಫರ್ಟ್‌ನಂಥ ಕಂಡಿಷನರ್ ಹಾಕಬೇಡಿ.

ಚಿತ್ರ ಇಳಿಸೋಕೆ ನಾನು ಕಿಟಕಿ ಗಾಜು ಬಳಸ್ತೀನಿ. ಲ್ಯಾಪ್‌ಟಾಪ್ ಸ್ಕ್ರೀನ್ ಬಿಳಿ ಮಾಡಿ ಅದರ ಮೇಲೆ ಇಡಬಹುದಲ್ಲಾ ಅಂತ ನಮ್ಮನೆಯವರ ಸಲಹೆ ಬಂತು, ಆಫೀಸಿನ ಲ್ಯಾಪ್‌ಟಾಪು, ಬೇಡ ಅಂದೆ. ಬಟ್ಟೆ ಜಾರದಿರೋಕೆ ಪರೀಕ್ಷೆಯ ಪ್ಯಾಡ್ ಮೇಲೆ ಸಣ್ಣ ದರ್ಜೆಯ ಸ್ಯಾಂಡ್‌ಪೇಪರ್ ಇಟ್ಟು, ಮೇಲೆ ಬಟ್ಟೆ ಹಾಸಿ ಕ್ಲಿಪ್ ಹಾಕಿ.

ಬಣ್ಣ ತೆಳುವಾಗಿ ಹಚ್ಚಿ. ಒಣಗಿದ್ದಾಗ ಪೇಲವ ಅನ್ನಿಸಿದರೂ ಒದ್ದೆಯಾದ ಕೂಡಲೇ ಎರಡು ಪಟ್ಟು ಏರುತ್ತೆ, ಹೊಸಬರಿಗೆ ಇದನ್ನ ನಂಬೋಕೆ ಕಷ್ಟ. ಗೆರೆಗೆ ಮುಟ್ಟಿಸಬೇಡಿ, ಎರಡು ಮಿಲಿಮೀಟರ್ ಜಾಗ ಬಿಡಿ, ಒದ್ದೆಯಾದಾಗ ಅದೇ ಅಲ್ಲಿವರೆಗೆ ಹೋಗುತ್ತೆ. ಅಂಚಿನಲ್ಲಿ ಹೆಚ್ಚು, ನಡುವೆ ಕಮ್ಮಿ ಹಚ್ಚಿದರೆ ಗಿಳಿಯ ಹೊಟ್ಟೆ ತಾನೇ ಉಬ್ಬಿದ ಹಾಗೆ ಕಾಣುತ್ತೆ. ಆಮೇಲೆ ಗಿಡ್ಡ ಕೂದಲಿನ ಗಟ್ಟಿ ಬ್ರಷ್‌ನಲ್ಲಿ ಮೀಡಿಯಂ ತಗೊಂಡು, ತಿಳಿ ಬಣ್ಣದಿಂದ ಗಾಢ ಬಣ್ಣದ ಕಡೆಗೆ, ಸವರೋದಲ್ಲ, ನೇಯ್ಗೆಯೊಳಗೆ ಉಜ್ಜಬೇಕು. ಬಟ್ಟೆ ತಿರುಗಿಸಿ ನೋಡಿ. ಹಿಂಭಾಗದಲ್ಲೂ ಬಣ್ಣ ಕಂಡರೆ ಒಳಗಿನ ಪುಡಿಗೆ ನೀರು ಮುಟ್ಟಿದೆ ಅಂತ ಅರ್ಥ. ಮೊದಲ ಗಿಳಿಯ ಹಿಂಭಾಗ ಬೆಳ್ಳಗೇ ಇತ್ತು, ನಾನು ತಿರುಗಿಸಿಯೇ ನೋಡಿರಲಿಲ್ಲ. ಇನ್ನೂ ಗಾಢ ಬೇಕಿದ್ದರೆ ಪೂರ್ತಿ ಒಣಗಿದ ಮೇಲೆ ಇನ್ನೊಂದು ತೆಳು ಪದರ ಹಚ್ಚಿ ಅದನ್ನೂ ಹೀಗೇ ನೆನೆಸಿ.

ಒಂದು ದಿನ ಒಣಗಲಿ, ಮಳೆಗಾಲದಲ್ಲಿ ಎರಡು ದಿನ. ಆಮೇಲೆ ಮೇಲೊಂದು ತೆಳು ಬಟ್ಟೆ ಹಾಕಿ, ಕಾಟನ್ ಸೆಟ್ಟಿಂಗ್‌ನಲ್ಲಿ, ಸ್ಟೀಮ್ ಬಂದ್ ಮಾಡಿ, ಮೂರ್ನಾಲ್ಕು ನಿಮಿಷ ಇಸ್ತ್ರಿ ಆಡಿಸ್ತಾ ಇರಿ, ಒಂದೇ ಕಡೆ ನಿಲ್ಲಿಸಬೇಡಿ. ಬಾಟ್ಲಿಯ ಮೇಲೆ ಬೇರೆ ಸಮಯ ಬರೆದಿದ್ದರೆ ಅದನ್ನೇ ಪಾಲಿಸಿ. ಹೊಲಿಯೋ ಮೊದಲು ತಣ್ಣೀರಲ್ಲಿ ಒಮ್ಮೆ ತೊಳೆದು ನೋಡಿಬಿಡಿ. ಹಾಳಾದರೆ ಒಂದು ಚೌಕ ಹಾಳಾಗುತ್ತೆ, ಇಡೀ ಕೌದಿ ಅಲ್ಲ. ಇದೊಂದು ಬುದ್ಧಿ ಮೊದಲ ಸಲವೂ ನನಗಿತ್ತು, ಪುಣ್ಯ.

ಬಣ್ಣ ಆರಿಸೋವಾಗ ಬಿಸಿಲನ್ನೂ ನೆನಪಿಡಿ. ಎಲ್ಲ ಬಣ್ಣ ಒಂದೇ ಸಮ ಬಿಸಿಲು ತಡೆಯಲ್ಲ. ಕಂಪನಿಯ ಬಣ್ಣದ ಪಟ್ಟಿಯಲ್ಲಿ ಬ್ಲೂ ವೂಲ್ ಅನ್ನೋ ಅಳತೆಯಲ್ಲಿ 1ರಿಂದ 8ರವರೆಗೆ ಅಂಕ ಕೊಟ್ಟಿರ್ತಾರೆ. 8 ಅಂದ್ರೆ ಬಹಳ ಕಾಲ ತಡೆಯುತ್ತೆ, 1 ಅಂದ್ರೆ ಬೇಗ ಮಾಸುತ್ತೆ. ಬಾಲ್ಕನಿ ಪಕ್ಕ ತೂಗುಹಾಕೋದಾದರೆ ಆ ಅಂಕ ನೋಡಿ ಆರಿಸಿ.

ತೊಟ್ಟಿಲ ಕೂಸಿನ ಕೌದಿಗೆ ಮಾಡಬಹುದಾ ಅಂತ ಒಬ್ಬರು ಕೇಳಿದ್ದರು. ನಾನು ಮಾಡಲ್ಲ. ಕೂಸು ಸಿಕ್ಕಿದ್ದನ್ನೆಲ್ಲ ಚೀಪುತ್ತೆ, ಇದು ಬಾಯಿಗೆ ಹೋಗೋ ವಸ್ತು ಅಲ್ಲ. ಹಾಗೇ ಊರಿನ ಹಳೇ ಕೌದಿಯನ್ನ ಹಳ್ಳಕ್ಕೆ ಒಯ್ದು ಕಲ್ಲಿಗೆ ಬಡಿದು ಒಗೀತಿದ್ದರಲ್ಲ, ಆ ಏಟನ್ನ ಯಾವ ಪೆನ್ಸಿಲ್ಲೂ ತಡೆಯಲ್ಲ. ನಮ್ಮ ಹಿರಿಯರು ಕೌದಿಗೆ ಬಣ್ಣ ಬರೀಲಿಲ್ಲ, ಬಣ್ಣದ ಸೀರೆಯನ್ನೇ ಕತ್ತರಿಸಿ ಇಟ್ಟರು. ಈ ಪೆನ್ಸಿಲ್ ಕೌದಿಯನ್ನ ಕೈಯಲ್ಲೇ, ತಣ್ಣೀರಲ್ಲಿ, ಮೃದು ಲಿಕ್ವಿಡ್ ಹಾಕಿ ತೊಳೆದು ನೆರಳಿಗೆ ಹಾಕಬೇಕು. ಅಷ್ಟು ನಾಜೂಕು ಯಾರು ಮಾಡ್ತಾರೆ ಅನ್ನೋರು ಸೀರೆ ತುಂಡಿನಲ್ಲೇ ಗಿಳಿ ಕತ್ತರಿಸಿ ಹೊಲಿಯಿರಿ, ಅದೂ ಚೆಂದವೇ.

ಮೊದಲ ಚೌಕ ಕೆಟ್ಟ ಮೇಲೆ ಧೋತರದಲ್ಲಿ ಇನ್ನೊಂದು ಚೌಕಕ್ಕಾಗುವಷ್ಟು ಒಳ್ಳೇ ಬಟ್ಟೆ ಮಾತ್ರ ಉಳಿದಿತ್ತು, ಉಳಿದದ್ದೆಲ್ಲ ಪಿಸಿದಿತ್ತು. ಎರಡನೇ ಗಿಳಿ ಅದರ ಮೇಲೆ ಕೂತಿದೆ. ಕೆಟ್ಟ ಚೌಕವನ್ನ ಎಸೆಯೋಕೆ ಮನಸ್ಸಾಗಲಿಲ್ಲ, ಕೌದಿಯ ಒಳಪದರದಲ್ಲಿ ಗಿಳಿಯ ಕೆಳಗೇ ಇಟ್ಟು ಹೊಲಿದೆ. ಇದುವರೆಗೆ ಮೂರು ಸಲ ತೊಳೆದಾಗಿದೆ. ಕೊಕ್ಕಿನ ಕೆಂಪು ಸ್ವಲ್ಪ ಇಳಿದಿದೆ, ಹಸಿರು ಹಾಗೇ ಇದೆ. "ಅತ್ಯಾ, ಇದರ ಬೆನ್ನ ಹಿಂದ ಏನೋ ದಪ್ಪ ಐತಿ" ಅಂತ ಅಣ್ಣನ ಮಗಳು ಮುಟ್ಟಿ ಮುಟ್ಟಿ ನೋಡ್ತಾಳೆ.