ನಿಮಗಿದು ಗೊತ್ತೆ? ನೀರು, ಬೆಂಕಿ, ಗಾಳಿ, ಮಣ್ಣು: ಇಷ್ಟೇ ಬಂಡವಾಳ!
ನೀಲ್ ಅಗರ್ವಾಲ್ 2024ರಲ್ಲಿ ಹೊರತಂದ ‘ಇನ್ಫಿನಿಟ್ ಕ್ರಾಫ್ಟ್’ ಆಟದಲ್ಲಿ ಶುರುವಿಗೆ ಸಿಗುವುದು ನಾಲ್ಕೇ: ನೀರು, ಬೆಂಕಿ, ಗಾಳಿ, ಮಣ್ಣು. (ಪಂಚಭೂತಗಳಲ್ಲಿ ಆಕಾಶಕ್ಕೆ ಮಾತ್ರ ಜಾಗವಿಲ್ಲ!) ಒಂದರ ಮೇಲೊಂದು ಎಳೆದು ಹಾಕಿದರೆ ಹೊಸದು ಹುಟ್ಟುತ್ತದೆ. ನೀರಿಗೆ ಬೆಂಕಿ ಸೇರಿದರೆ ಹಬೆ, ಮಣ್ಣಿಗೆ ಗಾಳಿ ಸೇರಿದರೆ ದೂಳು, ನೀರು–ಮಣ್ಣು ಕೂಡಿದರೆ ಗಿಡ. ಇದಕ್ಕಿಂತ ಹಳೆಯ ‘ಲಿಟಲ್ ಆಲ್ಕೆಮಿ’ಯಲ್ಲಿ ನೀರು–ಮಣ್ಣು ಸೇರಿದರೆ ಬರೀ ಕೆಸರು. ಅಲ್ಲಿ ಉತ್ತರಗಳೆಲ್ಲ ಮೊದಲೇ ಬರೆದಿಟ್ಟವು. ಎಲ್ಲ ಸಿಕ್ಕಿದರೆ ಹುಡುಕಾಟ ಮುಗಿಯಿತು. ಇಲ್ಲಿ ಹಾಗಲ್ಲ. ಯಾರೂ ಕೂಡಿಸದ ಜೋಡಿ ಬಂದರೆ ಎಐ ಭಾಷಾ ಮಾದರಿ ಆಗಿಂದಾಗಲೇ ಉತ್ತರ ಹೊಸೆಯುತ್ತದೆ. ಹೀಗೆ ಹುಟ್ಟಿದ ವಸ್ತು ಅದುವರೆಗೆ ಯಾರಿಗೂ ಸಿಕ್ಕಿರದಿದ್ದರೆ ಆಟಗಾರರಿಗೆ ‘ಮೊದಲ ಶೋಧ’ ಎಂಬ ಗುರುತು. ಶೋಧ ಎಷ್ಟೇ ಅಸಂಬದ್ಧವಾಗಿರಲಿ!