ಬ್ಯಾಂಕಿನ ಹೆಸರು ಬದಲಾದಾಗ: ವಿಲೀನದ ದಿನಗಳಲ್ಲಿ ಮುಖ್ಯಸ್ಥನ ಹೊಣೆ

ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗರ ಪಾಲಿಗೆ ಬ್ಯಾಂಕು ಕೇವಲ ಹಣ ಇಡುವ ಸ್ಥಳವಾಗಿರಲಿಲ್ಲ. ಊರಿಗೆ ಕಳುಹಿಸುವ ಡ್ರಾಫ್ಟು, ಊರಿನ ಸುದ್ದಿ, ಊರಿನ ಮಾತು ಇವೆಲ್ಲ ಒಂದೇ ಕೌಂಟರಿನಲ್ಲಿ ದೊರೆಯುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿ ಮುಂದೆ ರಾಷ್ಟ್ರೀಕೃತವಾದ ಬ್ಯಾಂಕುಗಳು ನಾಲ್ಕು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಸ್ಥಾಪಿಸಿದ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಆರಂಭವಾದ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಉಡುಪಿಯಲ್ಲೇ ತಲೆಯೆತ್ತಿದ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಎ. ಬಿ. ಶೆಟ್ಟಿಯವರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಕಣ್ದೆರೆದ ವಿಜಯಾ ಬ್ಯಾಂಕು.

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು, ದೇನಾ ಬ್ಯಾಂಕಿನೊಡನೆ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಸರಿಯಾಗಿ ಒಂದು ವರ್ಷದ ಬಳಿಕ, 2020ರ ಏಪ್ರಿಲ್ 1ರಂದು, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಆಂಧ್ರ ಬ್ಯಾಂಕಿನೊಡನೆ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿಯೂ ಸೇರಿಹೋದವು. 1913ರಲ್ಲಿ ಸ್ಥಾಪನೆಗೊಂಡ ಮೈಸೂರು ಬ್ಯಾಂಕು ಅದಕ್ಕೂ ಮೊದಲೇ, 2017ರಲ್ಲಿ, ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಗಿತ್ತು. ಕರಾವಳಿಯ ನಾಲ್ಕು ಹೆಸರುಗಳಲ್ಲಿ ಇಂದು ಫಲಕದ ಮೇಲೆ ಉಳಿದಿರುವುದು ಒಂದೇ.

ವಿಲೀನ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದವನ್ನು ಅರ್ಥಶಾಸ್ತ್ರಜ್ಞರಿಗೂ ನೌಕರ ಸಂಘಗಳಿಗೂ ಬಿಡೋಣ. ನಿರ್ಣಯವು ದೆಹಲಿಯಲ್ಲಿ ಆಗಿಹೋದ ಮೇಲೆ, ಅದನ್ನು ಹತ್ತು ಹದಿನೈದು ಜನರ ಒಂದು ಶಾಖೆಯಲ್ಲಿ ನಡೆಸಿಕೊಡಬೇಕಾದ ಮುಖ್ಯಸ್ಥನು ಏನು ಮಾಡತಕ್ಕದ್ದು ಎಂಬುದಷ್ಟೇ ಈ ಲೇಖನದ ವಿಷಯ.

ಭಯ ಯಾವುದರದು?

ವಿಜಯಾ ಮತ್ತು ದೇನಾ ಬ್ಯಾಂಕುಗಳ ವಿಲೀನ ಯೋಜನೆಯಲ್ಲಿ ನೌಕರರ ವೇತನ ಹಾಗೂ ಸೇವಾ ನಿಯಮಗಳು ಹಿಂದಿಗಿಂತ ಕಡಿಮೆಯಾಗಕೂಡದೆಂದು ಸ್ಪಷ್ಟವಾಗಿ ಹೇಳಲಾಗಿತ್ತು. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲವೆಂದು ಸರ್ಕಾರವು ಭರವಸೆಯಿತ್ತಿತ್ತು. ಆದರೂ 2018ರ ಡಿಸೆಂಬರ್ 26ರಂದು ಬ್ಯಾಂಕ್ ನೌಕರರು ದೇಶಾದ್ಯಂತ ಮುಷ್ಕರ ಹೂಡಿದರು. ಅನ್ನಕ್ಕೆ ಕುತ್ತಿಲ್ಲದಿದ್ದರೂ ಮನಸ್ಸಿಗೆ ನೆಮ್ಮದಿಯಿರಲಿಲ್ಲ.

ಕಾರಣ ಸರಳವಾಗಿದೆ. ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದ ನೌಕರನಿಗೆ ಸಂಬಳದಷ್ಟೇ ಬೆಲೆಯುಳ್ಳ ಇನ್ನೊಂದು ಗಳಿಕೆಯಿದೆ. ಯಾವ ಕೆಲಸಕ್ಕೆ ಯಾರಿಗೆ ಫೋನು ಮಾಡಬೇಕು, ಯಾವ ಸುತ್ತೋಲೆಯಲ್ಲಿ ಏನಿದೆ, ಯಾವ ಗ್ರಾಹಕನ ಸಹಿ ಹೇಗಿರುತ್ತದೆ ಎಂಬ ತಿಳಿವಳಿಕೆಯೇ ಆ ಗಳಿಕೆ. ಫಲಕ ಬದಲಾದ ಮರುದಿನ ಅದರಲ್ಲಿ ಅರ್ಧ ಪಾಲು ನಿರುಪಯುಕ್ತವಾದಂತೆ ತೋರುತ್ತದೆ. ನಿನ್ನೆಯವರೆಗೆ ಇತರರಿಗೆ ಹೇಳಿಕೊಡುತ್ತಿದ್ದವನು ಇಂದು ಕೇಳಿ ತಿಳಿಯಬೇಕಾಗುತ್ತದೆ. ಜೊತೆಗೆ ಸೇವಾ ಹಿರಿತನ ಎಲ್ಲಿ ನಿಲ್ಲುವುದೋ, ವರ್ಗಾವಣೆ ಎಲ್ಲಿಗೋ ಎಂಬ ಚಿಂತೆ ಬೇರೆ.

ಅಮೆರಿಕದ ವಿಲಿಯಂ ಬ್ರಿಡ್ಜಸ್ ಎಂಬ ವಿದ್ವಾಂಸರು ಈ ವಿಷಯದಲ್ಲಿ ಒಂದು ಉಪಯುಕ್ತ ಭೇದವನ್ನು ಸೂಚಿಸಿದ್ದಾರೆ. ಬದಲಾವಣೆ ಹೊರಗೆ ನಡೆಯುವ ಘಟನೆ. ಅದಕ್ಕೊಂದು ತಾರೀಕು ಇರುತ್ತದೆ. ಅದಕ್ಕೆ ಮನಸ್ಸು ಒಗ್ಗಿಕೊಳ್ಳುವುದು ಒಳಗಿನ ಪಯಣ, ಅದಕ್ಕೆ ತಾರೀಕಿಲ್ಲ. ಆ ಪಯಣವು ಹೊಸದರಿಂದ ಆರಂಭವಾಗದೆ, ಹಳೆಯದನ್ನು ಬಿಟ್ಟುಕೊಡುವುದರಿಂದ ಆರಂಭವಾಗುತ್ತದೆಂಬುದು ಅವರ ಅಭಿಪ್ರಾಯ.

ಕಾಯುವಿಕೆಯೂ ಒಂದು ಕಾಯಿಲೆ

ಈ ಸಂಚಿಕೆಯ ಆರೋಗ್ಯ ಲೇಖನಗಳ ನಡುವೆ ಇದನ್ನು ಓದುವವರಿಗೆ ಒಂದು ಸಂಗತಿಯನ್ನು ಹೇಳಲೇಬೇಕು. ಬ್ರಿಟನ್ನಿನ ಸರ್ಕಾರಿ ನೌಕರರನ್ನು ಕುರಿತು 1985ರಲ್ಲಿ ಆರಂಭವಾದ ಎರಡನೆಯ ವೈಟ್‌ಹಾಲ್ ಅಧ್ಯಯನವು ಬಹಳ ಪ್ರಸಿದ್ಧವಾದುದು. ಅಲ್ಲಿನ ಒಂದು ಇಲಾಖೆಯು ಖಾಸಗಿಯವರ ಪಾಲಾಗುವುದೆಂಬ ಸುದ್ದಿ ಹಬ್ಬಿದಾಗ, ಬದಲಾವಣೆ ಇನ್ನೂ ಜಾರಿಗೆ ಬರುವ ಮುನ್ನವೇ, ಆ ಇಲಾಖೆಯವರು ತಮ್ಮ ಆರೋಗ್ಯ ಕೆಟ್ಟಿದೆಯೆಂದು ಉಳಿದವರಿಗಿಂತ ಹೆಚ್ಚಾಗಿ ಹೇಳತೊಡಗಿದರು. ತಮ್ಮ ಕೆಲಸದ ಮೇಲೆ ತಮಗೆ ಹಿಡಿತ ಕಡಿಮೆಯಿದ್ದವರಲ್ಲಿ ಹೃದ್ರೋಗದ ಸಂಭವ ಹೆಚ್ಚೆಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂದಿತು. ಬರಲಿರುವುದಕ್ಕಿಂತ ಅದರ ನಿರೀಕ್ಷೆಯೇ ದೇಹವನ್ನು ಮೊದಲು ಸವೆಸುತ್ತದೆ.

ನಮ್ಮಲ್ಲಿ ಆ ನಿರೀಕ್ಷೆ ಎಷ್ಟು ದೀರ್ಘವಾಗಿತ್ತೆಂಬುದನ್ನು ನೋಡಿ. ವಿಜಯಾ ಬ್ಯಾಂಕಿನ ವಿಲೀನದ ಪ್ರಸ್ತಾಪ ಹೊರಬಿದ್ದದ್ದು 2018ರ ಸೆಪ್ಟೆಂಬರ್ 17ರಂದು; ಮಂತ್ರಿಮಂಡಲದ ಒಪ್ಪಿಗೆ ದೊರೆತದ್ದು 2019ರ ಜನವರಿ 2ರಂದು; ವಿಲೀನವಾದದ್ದು ಏಪ್ರಿಲ್ 1ರಂದು. ಹಳೆಯ ಐ.ಎಫ್.ಎಸ್.ಸಿ. ಸಂಕೇತಗಳು ರದ್ದಾದದ್ದು 2021ರ ಮಾರ್ಚಿನಲ್ಲಿ. ಅಂದರೆ ಸುಮಾರು ಎರಡೂವರೆ ವರ್ಷ. ಇಷ್ಟು ಕಾಲ ಒಂದು ತಂಡವನ್ನು ಬರಿಯ ಹುರುಪಿನ ಭಾಷಣದಿಂದ ನಡೆಸಲಾಗದು.

ಮುಖ್ಯಸ್ಥನು ಮಾಡಬೇಕಾದುದು

ಮೊದಲನೆಯದಾಗಿ, ತಿಳಿದುದನ್ನು ತಿಳಿದಂತೆಯೇ ಹೇಳಬೇಕು. ವಾರಕ್ಕೊಮ್ಮೆ, ನಿಶ್ಚಿತ ದಿನ, ಕೌಂಟರು ತೆರೆಯುವ ಮುನ್ನ ಹತ್ತು ನಿಮಿಷ ಸಾಕು. ನಿರ್ಧಾರವಾದುದು ಯಾವುದು, ಇನ್ನೂ ಆಗದಿರುವುದು ಯಾವುದು, ಅದು ಯಾವಾಗ ತಿಳಿಯಬಹುದು ಎಂದು ಮೂರು ಭಾಗ ಮಾಡಿ ಹೇಳಬೇಕು. ಹೇಳಲು ಹೊಸದೇನೂ ಇಲ್ಲದ ವಾರವೂ ಸಭೆ ತಪ್ಪಕೂಡದು. ಮುಖ್ಯಸ್ಥನು ಮೌನವಾದ ದಿನ ಆತನ ಸ್ಥಾನದಲ್ಲಿ ಗಾಳಿಸುದ್ದಿ ಬಂದು ಕೂರುತ್ತದೆ.

ಎರಡನೆಯದಾಗಿ, ಹಳೆಯದಕ್ಕೆ ಗೌರವದ ಬೀಳ್ಕೊಡುಗೆ ಸಲ್ಲಬೇಕು. 1928ರಷ್ಟು ಹಿಂದೆಯೇ ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಹೋಗಿ ಪಿಗ್ಮಿ ಠೇವಣಿ ಸಂಗ್ರಹಿಸಲು ಆರಂಭಿಸಿದ ಸಿಂಡಿಕೇಟ್ ಬ್ಯಾಂಕಿನ ಪರಂಪರೆ ಒಂದು ಫಲಕ ಇಳಿಸಿದ ಮಾತ್ರಕ್ಕೆ ಅಳಿಯುವಂಥದ್ದಲ್ಲ. ‘ನಿಮ್ಮ ಬ್ಯಾಂಕಿನಲ್ಲಿ ಹೀಗೆಲ್ಲ ನಡೆಯುತ್ತಿತ್ತೇ?’ ಎಂದು ಹೊಸಬರು ನಗುವಂತಾದರೆ, ಹಳಬರು ಮರುದಿನದಿಂದ ಬಾಯಿ ತೆರೆಯುವುದಿಲ್ಲ.

ಮೂರನೆಯದಾಗಿ, ಕಲಿಯುವವನ ಮಾನವನ್ನು ಕಾಯಬೇಕು. ನಾನು ಕಂಡ ಒಂದು ಉಪನಗರದ ಶಾಖೆಯಲ್ಲಿ ಮೂವತ್ತು ವರ್ಷ ಸೇವೆ ಸಲ್ಲಿಸಿದ ಕ್ಯಾಷಿಯರೊಬ್ಬರಿದ್ದರು. ಕಂಪ್ಯೂಟರಿನ ಪರದೆ ಬದಲಾದಾಗ ಅವರಿಗೆ ಹೇಳಿಕೊಡಬೇಕಾದವಳು ಮಗಳ ವಯಸ್ಸಿನ ಸಹೋದ್ಯೋಗಿ. ಗ್ರಾಹಕರ ಸಾಲು ಬೆಳೆದು ಗದ್ದಲವಾದಾಗ ಅವರ ಕೈ ನಡುಗುತ್ತಿತ್ತು. ಮ್ಯಾನೇಜರರು ಇಬ್ಬರನ್ನೂ ಕರೆದು, ಪ್ರತಿದಿನ ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಅರ್ಧ ಗಂಟೆ ಜೊತೆಗೆ ಕುಳಿತುಕೊಳ್ಳಲು ಹೇಳಿದರು. ಆಕೆ ಹೊಸ ಪದ್ಧತಿಯನ್ನು ಕಲಿಸುವುದು. ಅವರು ಖೋಟಾ ನೋಟನ್ನು ಬೆರಳ ತುದಿಯಲ್ಲೇ ಗುರುತಿಸುವ ಬಗೆಯನ್ನೂ ಹಳೆಯ ಗ್ರಾಹಕರ ಸ್ವಭಾವವನ್ನೂ ಆಕೆಗೆ ತಿಳಿಸಿಕೊಡುವುದು. ಒಂದು ತಿಂಗಳಲ್ಲಿ ನಡುಕ ನಿಂತಿತು. ಅವರು ಕಲಿಯುವವರಷ್ಟೇ ಅಲ್ಲದೆ ಕಲಿಸುವವರೂ ಆಗಿ ಉಳಿದರೆಂಬುದೇ ಅದರ ಗುಟ್ಟು.

ನಾಲ್ಕನೆಯದಾಗಿ, ಈ ನಗರದ ದೂರವನ್ನು ಮರೆಯಬಾರದು. ವಿರಾರಿನಿಂದಲೋ ಬದಲಾಪುರದಿಂದಲೋ ಲೋಕಲ್ ಹಿಡಿದು ಬರುವವರಿಗೆ ಸಂಜೆ ಆರರ ಬಳಿಕ ತರಬೇತಿ ಇಟ್ಟರೆ, ಮನೆ ಸೇರುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ತರಬೇತಿಗೆ ಕೆಲಸದ ವೇಳೆಯಲ್ಲಿಯೇ ಅವಕಾಶ ಕಲ್ಪಿಸಬೇಕು. ಊಟದ ವೇಳೆಯನ್ನು ಕೆಲಸ ನುಂಗದಂತೆ ನೋಡಿಕೊಳ್ಳಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಔಷಧಿ ತಪ್ಪಿಸದಂತೆ ನೆನಪಿಸುವುದೂ ಮೇಲ್ವಿಚಾರಣೆಯ ಒಂದು ಭಾಗವೇ. ವಾರಗಟ್ಟಲೆ ನಿದ್ರೆ ಬಾರದವನಿಗೆ ರಜೆ ಕೊಟ್ಟು ವೈದ್ಯರಲ್ಲಿಗೆ ಕಳುಹಿಸುವುದರಿಂದ ಶಾಖೆಯ ಕೆಲಸ ಕೆಡುವುದಿಲ್ಲ.

ಎರಡನೆಯ ಸುತ್ತಿನ ವಿಲೀನಗಳು ಲಾಕ್‌ಡೌನ್ ಆರಂಭವಾದ ಒಂದೇ ವಾರಕ್ಕೆ ಜಾರಿಗೆ ಬಂದವು. ಜನಸಾಮಾನ್ಯರಿಗೆ ಲೋಕಲ್ ರೈಲು ನಿಂತಿತ್ತು. ಒಂದೇ ಸಂಸ್ಥೆಯವರಾದವರು ಪರಸ್ಪರ ಮುಖವನ್ನೂ ಪೂರ್ತಿ ಕಾಣಲಾಗದ ದಿನಗಳವು. ಅಂಥ ಕಾಲದಲ್ಲಿ ಮುಖ್ಯಸ್ಥನು ಒಬ್ಬೊಬ್ಬರಿಗೂ ಫೋನು ಮಾಡಿ ಮನೆಯವರ ಕ್ಷೇಮ ವಿಚಾರಿಸುವುದು ಎಷ್ಟೋ ಸುತ್ತೋಲೆಗಳಿಗಿಂತ ಹೆಚ್ಚಿನ ಬಲ ಕೊಡುತ್ತಿತ್ತು.

ಭಾಷೆ ಮತ್ತು ಗ್ರಾಹಕ

ನಮ್ಮವರು ಗಮನಿಸಬೇಕಾದ ಒಂದು ಮಾತಿದೆ. ವಿಲೀನದ ಬಳಿಕ ಮುಂಬಯಿಯ ಒಂದೇ ಶಾಖೆಯಲ್ಲಿ ಕನ್ನಡ, ತುಳು, ಗುಜರಾತಿ, ಮರಾಠಿ ಮಾತನಾಡುವವರು ಜೊತೆಗೂಡುವಂತಾಯಿತು. ಊಟದ ಮೇಜಿನಲ್ಲಿ ನಾವು ನಾಲ್ವರು ತುಳುವಿನಲ್ಲಿ ಹರಟುತ್ತಿದ್ದರೆ ನಮಗದು ಊರಿನ ಸುಖ. ಪಕ್ಕದಲ್ಲಿ ಬುತ್ತಿ ಬಿಚ್ಚಿದ ಐದನೆಯವರಿಗೆ ಅದು ಮುಚ್ಚಿದ ಬಾಗಿಲು. ಪರಕೀಯತೆಯ ನೋವನ್ನು ಈ ನಗರದಲ್ಲಿ ಮೊದಲು ಉಂಡವರು ನಾವೇ ಆದುದರಿಂದ ಅದನ್ನು ಇನ್ನೊಬ್ಬರಿಗೆ ಬಡಿಸಕೂಡದು.

ಆದರೆ ಕೌಂಟರಿನ ಆಚೆ ನಿಂತ ವೃದ್ಧರಿಗೆ ಅವರ ಭಾಷೆಯಲ್ಲಿಯೇ ಉತ್ತರ ದೊರೆಯಬೇಕು. ತನ್ನ ಠೇವಣಿಯ ರಸೀದಿಯ ಮೇಲಿನ ಹೆಸರಿನ ಬ್ಯಾಂಕೇ ಈಗ ಇಲ್ಲವೆಂದು ಕೇಳಿ ಕಂಗಾಲಾದ ಅಜ್ಜಿಗೆ, ಹಣ ಭದ್ರವಾಗಿದೆ, ಹೊಸ ಚೆಕ್‌ಪುಸ್ತಕ ಪಡೆಯಿರಿ, ಪಿಂಚಣಿಗೂ ಡಿವಿಡೆಂಡಿಗೂ ಹೊಸ ಸಂಕೇತ ತಿಳಿಸಿರಿ ಎಂದು ನಿಧಾನವಾಗಿ ವಿವರಿಸುವ ಒಬ್ಬರನ್ನು ನೇಮಿಸುವುದು ಮುಖ್ಯಸ್ಥನ ಹೊಣೆ. ಆ ಕೆಲಸವನ್ನು ಹಳೆಯ ಬ್ಯಾಂಕಿನ ನೌಕರನಿಗೇ ವಹಿಸಿದರೆ ಗ್ರಾಹಕನಿಗೆ ಧೈರ್ಯ ಬರುತ್ತದೆ. ತನ್ನ ತಿಳಿವಳಿಕೆ ವ್ಯರ್ಥವಾಗಲಿಲ್ಲವೆಂದು ನೌಕರನಿಗೂ ಸಮಾಧಾನವಾಗುತ್ತದೆ.

ಇದು ಬ್ಯಾಂಕಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ತಂದೆ ಕಟ್ಟಿದ ಹೋಟೆಲನ್ನು ಮಗ ವಹಿಸಿಕೊಂಡು ಬಿಲ್ಲಿಗೆ ಯಂತ್ರ ತರುವಾಗ, ಹಿರಿಯ ಅಡುಗೆಯವರ ಮನಸ್ಸಿನಲ್ಲಿಯೂ ಇದೇ ಅಳುಕು. ಸಂಘದ ಕಾರ್ಯಭಾರ ಹಿರಿಯರಿಂದ ತರುಣರ ಕೈಗೆ ಬರುವಾಗಲೂ ಇದೇ ಸಂಕಟ. ಸಂಸ್ಥೆಗಳ ಹೆಸರನ್ನು ಒಂದು ಆಜ್ಞೆಯಿಂದ ಬದಲಿಸಬಹುದು. ಜನರ ಮನಸ್ಸನ್ನು ಹಾಗೆ ಬದಲಿಸಲಾಗದು. ಅದಕ್ಕೆ ಸತ್ಯವಾದ ಮಾತು, ಸಾಕಷ್ಟು ಸಮಯ, ಅವರ ಹಿಂದಿನ ದುಡಿಮೆಗೆ ಮರ್ಯಾದೆ ಬೇಕು. ಇವನ್ನು ಕೊಡಬಲ್ಲವನೇ ಬದಲಾವಣೆಯ ಕಾಲದಲ್ಲಿ ತಂಡವನ್ನು ಮುನ್ನಡೆಸಲು ಅರ್ಹನು.